ಕೈಗೆ ತಕ್ಕ ಕಾವು

ಮೊದಲು ನನ್ನ ಕೈಯ ಅಳತೆ ಹೇಳಿಬಿಡ್ತೀನಿ, ಜಗಳ ಆಮೇಲೆ. ಎಡಗೈ ನಡುಬೆರಳು ಬುಡದಿಂದ ತುದಿಗೆ 70 ಮಿಲಿಮೀಟರ್. ಕಿರುಬೆರಳು 51. ಆಫೀಸಿನಲ್ಲಿ ಊಟದ ಹೊತ್ತಿಗೆ ಸ್ಕೇಲ್ ಇಟ್ಟು ಅಳೆದದ್ದು. ಪಕ್ಕದ ಸೀಟಿನವನು ಏನೋ ಜಾತಕದ ವಿಷಯ ಅಂದುಕೊಂಡ. ಕೈ ಪೂರ್ತಿ ಅಪ್ಪನದು. ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ತೆಂಗಿನಕಾಯಿ ಸುಲಿದೂ ಸುಲಿದೂ ಗಟ್ಟಿಯಾದ, ಗಿಡ್ಡ, ದಪ್ಪ ಬೆರಳಿನ ಕೈ. ನಾನು ಸುಲಿದದ್ದು ಬರೀ ರಜಾ ದಿನಗಳಲ್ಲಿ. ಗಟ್ಟಿತನ ಬರಲಿಲ್ಲ, ಗಿಡ್ಡತನ ಮಾತ್ರ ಬಂತು.

ಇಂಥ ಕೈ ಇಟ್ಟುಕೊಂಡು ಮೂವತ್ನಾಲ್ಕನೇ ವಯಸ್ಸಿನಲ್ಲಿ ನಾನು ಗಿಟಾರ್ ಕಲಿಯೋಕೆ ಹೊರಟೆ. ಅಲ್ಲಿಂದ ಇಲ್ಲಿವರೆಗೆ ನನಗೆ ಉಪದೇಶ ಮಾಡಿದವರು ಎರಡು ಪಾರ್ಟಿ. ಒಂದು ಪಾರ್ಟಿ, 'ನಿಮ್ಮ ಬೆರಳಿಗೆ ಇದು ಆಗಲ್ಲ' ಅನ್ನೋರದು. ಇನ್ನೊಂದು, 'ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತೆ, ಛಲ ಬೇಕು ಅಷ್ಟೆ' ಅನ್ನೋರದು. ಇಬ್ಬರೂ ಒಬ್ಬರಿಗೊಬ್ಬರು ವಿರೋಧಿಗಳ ಥರ ಕಾಣ್ತಾರೆ. ನನ್ನ ಪ್ರಕಾರ ಇಬ್ಬರದೂ ಒಂದೇ ಪಕ್ಷ. ಯಾಕೆ ಅಂತ ಹೇಳೋಕೇ ಇದನ್ನ ಬರೀತಾ ಇರೋದು.

ಶುರುವಾದದ್ದು ಹಾಸ್ಟೆಲ್ಲಿನಲ್ಲಿ. 1983ರ 'ಪಲ್ಲವಿ ಅನುಪಲ್ಲವಿ' ಚಿತ್ರಕ್ಕೆ ಇಳಯರಾಜಾ ಮಾಡಿದ ಆ ಗಿಟಾರ್ ತುಣುಕು ನಿಮಗೆ ಗೊತ್ತಿರುತ್ತೆ. ಸಿನಿಮಾ ನೋಡದವರಿಗೂ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿನಿಂದ ಗೊತ್ತು. ನಮ್ಮ ಸೀನಿಯರ್ ಒಬ್ಬ ಅದನ್ನ ರಾತ್ರಿ ಹತ್ತರ ಮೇಲೆ ಕಾರಿಡಾರಿನಲ್ಲಿ ಕೂತು ನುಡಿಸೋನು. ಇಂಗ್ಲಿಷ್ ಮಾತಾಡೋಕೆ ಬಾಯಿ ಒಣಗ್ತಿದ್ದ ನನಗೆ ಆ ಒಂದು ತುಣುಕು ಮಾತ್ರ ಈ ಊರಿನದೂ ಹೌದು ನಮ್ಮೂರಿನದೂ ಹೌದು ಅನಿಸ್ತಿತ್ತು. ಒಂದಿನ ಧೈರ್ಯ ಮಾಡಿ, 'ಸಾರ್, ನನಗೂ ಹೇಳಿಕೊಡ್ತೀರಾ' ಅಂದೆ. ಅವನು ನನ್ನ ಕೈ ಹಿಡಿದು ಎಲ್ಲರಿಗೂ ಕಾಣೋ ಹಾಗೆ ಮೇಲೆತ್ತಿದ. 'ಮಗಾ, ನಿಂದು ಏಲಕ್ಕಿ ಬಾಳೆ. ಗಿಟಾರಿಗೆ ಪಚ್ಚಬಾಳೆ ಬೇಕು ಕಣೋ.' ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಸ್ಟೆಲ್ಲಿನಲ್ಲಿ ನಗದೇ ಇದ್ದರೆ ಅದು ಇನ್ನೊಂದು ವರ್ಷ ನಡೆಯುತ್ತೆ.

ಹದಿಮೂರು ವರ್ಷ ನಾನು ಗಿಟಾರ್ ಮುಟ್ಟಲಿಲ್ಲ. ಆ ಸೀನಿಯರ್ ಮೇಲೆ ಸಿಟ್ಟಿಲ್ಲ, ಅವನು ಆ ಮಾತು ಮರುದಿನವೇ ಮರೆತಿರ್ತಾನೆ. ಸಿಟ್ಟಿರೋದು ನನ್ನ ಮೇಲೆ. ಅವನ ತಮಾಷೆಯನ್ನ ಡಾಕ್ಟರ ಸರ್ಟಿಫಿಕೇಟಿನ ಥರ ಮಡಚಿ ಜೇಬಲ್ಲಿ ಇಟ್ಟುಕೊಂಡು ಓಡಾಡಿದ್ದಕ್ಕೆ.

ಆಮೇಲೆ ಇಎಂಐ, ಮದುವೆ, ರಿಂಗ್ ರೋಡಿನ ಟ್ರಾಫಿಕ್ಕು ಎಲ್ಲ ಆಗಿ, ಒಂದು ಶನಿವಾರ ಬೆಂಗಳೂರು ದಕ್ಷಿಣದ ಒಂದು ಮ್ಯೂಸಿಕ್ ಕ್ಲಾಸಿಗೆ ಹೋದೆ. ಮೂರು ತಿಂಗಳ ಫೀಸು ಮುಂಗಡ ಕಟ್ಟಿಸಿಕೊಂಡ ಮೇಲೆ ಮೇಷ್ಟ್ರು ನನ್ನ ಅಂಗೈಯನ್ನ ತಿರುಗಿಸಿ ನೋಡಿದರು. 'ಸರ್, ಫ್ರಾಂಕಾಗಿ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಫಿಂಗರ್ಸ್ ಸ್ವಲ್ಪ ಶಾರ್ಟು. ಏಜು ಬೇರೆ. ನೀವ್ಯಾಕೆ ಯುಕುಲೇಲೆ ಟ್ರೈ ಮಾಡಬಾರದು?' ಯುಕುಲೇಲೆ ಒಳ್ಳೇ ವಾದ್ಯ, ಅದರ ಮೇಲೆ ನನಗೇನೂ ದ್ವೇಷ ಇಲ್ಲ. ಆದರೆ ಮಸಾಲೆದೋಸೆ ಕೇಳಿದವನಿಗೆ 'ನಿಮಗೆ ಇಡ್ಲಿ ಒಳ್ಳೇದು' ಅನ್ನೋನು ಮೊದಲು ನನ್ನ ಹೊಟ್ಟೆಯ ವಿಚಾರ ಎರಡು ಪ್ರಶ್ನೆಯಾದರೂ ಕೇಳಬೇಕಲ್ಲ. ಮೇಷ್ಟ್ರು ನನ್ನ ಗಿಟಾರನ್ನ ಒಂದು ಸಲವೂ ಕೈಗೆ ತಗೊಂಡು ನೋಡಲಿಲ್ಲ.

ಆ ಗಿಟಾರ್ ನನಗೆ ಬಂದ ಕಥೆ ಹೀಗೆ. ಅಂಗಡಿಯಲ್ಲಿ ಕೆಳಗಡೆ ಸಾಲಾಗಿ ದೊಡ್ಡ ಹೊಟ್ಟೆಯ ಉಕ್ಕಿನ ತಂತಿಯ ಗಿಟಾರ್‌ಗಳು. ಮೇಲಿನ ಅಟ್ಟದಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಎರಡು ಮೂರು ಚಿಕ್ಕವು. ಅವೇನು ಅಂತ ಕೇಳಿದರೆ ಹುಡುಗ, 'ಅದು ಮಕ್ಕಳದು ಸರ್. ಜೆಂಟ್ಸಿಗೆ ಇದೇ' ಅಂದ. ಜೆಂಟ್ಸ್ ಅಂದಮೇಲೆ ಮುಗೀತು, ನಾನು ಆರೂವರೆ ಸಾವಿರ ಕೊಟ್ಟು ದೊಡ್ಡದನ್ನೇ ತಂದೆ. ಶೂ ಅಂಗಡಿಯಲ್ಲಿ ಏಳನೇ ನಂಬರು ಕೇಳೋಕೆ ನಾಚಿಕೆ ಪಡದ ನಾನು ಇಲ್ಲಿ ಯಾಕೆ ಬಾಯಿಮುಚ್ಚಿಕೊಂಡೆ?

ಎರಡು ತಿಂಗಳು ಒದ್ದಾಡಿದೆ. ಎಫ್ ಅನ್ನೋ ಒಂದು ಕಾರ್ಡ್ ಇದೆ, ಕಲಿತವರಿಗೆಲ್ಲ ಅದರ ಹೆಸರು ಕೇಳಿದರೆ ಬೆರಳು ಉರಿಯುತ್ತೆ. ತೋರುಬೆರಳನ್ನ ಮೊದಲ ಫ್ರೆಟ್ಟಿನಲ್ಲಿ ಆರೂ ತಂತಿಯ ಮೇಲೆ ಅಡ್ಡ ಮಲಗಿಸಿ ಒತ್ತಬೇಕು, ಉಳಿದ ಮೂರು ಬೆರಳು ಮುಂದೆ ಕೂರಬೇಕು. ನಾನು ಒತ್ತಿದರೆ ಹಳೇ ತಗಡಿನ ಡಬ್ಬಿ ಉರುಳಿದ ಶಬ್ದ. ಮೇಷ್ಟ್ರು ನನ್ನ ಕಿರುಬೆರಳ ಕಡೆ ನೋಡಿ ನಿಟ್ಟುಸಿರು ಬಿಡೋರು. ನಾನು ಸಾಫ್ಟ್‌ವೇರಿನವನಲ್ಲವಾ, 'ಹಾರ್ಡ್‌ವೇರ್ ಲಿಮಿಟೇಶನ್' ಅಂತ ಒಂದು ಚೆಂದದ ಹೆಸರಿಟ್ಟು ಸೋಲನ್ನ ಕ್ಲೋಸ್ ಮಾಡೋಕೆ ರೆಡಿಯಾಗಿದ್ದೆ.

ಆಗ ಊರಿಂದ ಅಪ್ಪ ಬಂದರು, ಕಣ್ಣಿನ ಪೊರೆ ಆಪರೇಶನ್ನಿಗೆ. ಒಂದು ಸಂಜೆ ನನ್ನ ಒದ್ದಾಟ ನೋಡಿ, 'ಕೊಡಿಲ್ಲಿ' ಅಂತ ಗಿಟಾರನ್ನ ತಗೊಂಡರು. ಗುದ್ದಲಿ ನೋಡೋ ಥರ ಕುತ್ತಿಗೆಯ ಉದ್ದಕ್ಕೂ ಕೈಯಾಡಿಸಿದರು. ತಂತಿಯನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿದರು. 'ಕಾವು ನಿನ್ನ ಕೈಗೆ ದಪ್ಪ ಆಯ್ತಲ್ಲೋ. ತಂತೀನೂ ಮೇಲಕ್ಕೆ ನಿಂತೈತೆ. ಹಿಂಗಿದ್ರೆ ಯಾವನ ಕೈಯಾದ್ರೂ ಸೋತೋಗ್ತದೆ. ಆಚಾರಿ ತಾವ ತಗೊಂಡೋಗಿ ಸರಿ ಮಾಡಿಸ್ಕಳಾದಪ್ಪ.'

ಅಪ್ಪನಿಗೆ ಸಂಗೀತ ಗೊತ್ತಿಲ್ಲ. ಆದರೆ ಉಪಕರಣ ಗೊತ್ತು. ನಮ್ಮೂರ ಕುಲುಮೆಯಲ್ಲಿ ಕುಡುಗೋಲು ಮಾಡಿಸೋಕೆ ಹೋದರೆ ಆಚಾರಿ ಕೇಳೋ ಮೊದಲ ಪ್ರಶ್ನೆ, 'ಯಾರ ಕೈಗೆ?' ಅವ್ವನ ಕುಡುಗೋಲಿನ ಹಿಡಿ ಅಪ್ಪನದಕ್ಕಿಂತ ಸಣ್ಣ. ಗುದ್ದಲಿಯ ಕಾವು ಎತ್ತರದವನಿಗೊಂದು, ಗಿಡ್ಡನಿಗೊಂದು. 'ನಿನ್ನ ಕೈ ಈ ಗುದ್ದಲಿಗೆ ಆಗಲ್ಲ, ನೀನು ಬೇಸಾಯಕ್ಕೆ ಹುಟ್ಟಿಲ್ಲ' ಅಂತ ಯಾವ ಆಚಾರಿಯೂ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಕಾವು ಹೆರೆದು ಕೊಡ್ತಾನೆ, ಅಷ್ಟೆ.

ಗಿಟಾರಿಗೂ ಆಚಾರಿಗಳಿದ್ದಾರೆ. ವಿಚಾರಿಸಿಕೊಂಡು ಹೋದರೆ ಒಂದು ಗಲ್ಲಿಯ ಮೊದಲ ಮಹಡಿಯಲ್ಲಿ, ರಿಪೇರಿಗೆ ಬಂದ ವಾದ್ಯಗಳ ನಡುವೆ ಕೂತಿದ್ದವರು ಒಬ್ಬರು ಹಿರಿಯರು. ನನ್ನ ಬೆರಳನ್ನ ನೋಡಲೇ ಇಲ್ಲ. ಪುಟ್ಟ ಉಕ್ಕಿನ ಸ್ಕೇಲನ್ನ ಹನ್ನೆರಡನೇ ಫ್ರೆಟ್ಟಿನ ಮೇಲೆ ನಿಲ್ಲಿಸಿದರು. ದಪ್ಪ ತಂತಿ ಫ್ರೆಟ್ಟಿಗಿಂತ 4 ಮಿಲಿಮೀಟರ್ ಮೇಲೆ. 'ಎರಡೂವರೆ ಸಾಕು ಸಾರ್ ಇದಕ್ಕೆ' ಅಂದರು. ಆಮೇಲೆ ತಲೆಯ ಹತ್ತಿರದ ನಟ್ ನೋಡಿದರು. ಅದು ತಂತಿಗಳನ್ನ ಸಾಲಾಗಿ ಹಿಡಿಯೋ ಬಿಳಿ ಪಟ್ಟಿ. ಅದರ ಕಚ್ಚುಗಳನ್ನ ಫ್ಯಾಕ್ಟರಿಯಲ್ಲಿ ಸರಿಯಾಗಿ ಇಳಿಸಿರಲೇ ಇಲ್ಲ. ನಟ್ ಎತ್ತರ ಇದ್ದರೆ ಅದರ ಪಕ್ಕದ ಮೊದಲ ಫ್ರೆಟ್ಟಿನಲ್ಲಿ ತಂತಿ ಒತ್ತೋದು ಎಲ್ಲಕ್ಕಿಂತ ಕಷ್ಟ. ಎಫ್ ಕೂರೋದೂ ಅಲ್ಲೇ.

ಅವರು ಹೇಳಿಕೊಟ್ಟ ಒಂದು ಪರೀಕ್ಷೆಯನ್ನ ನಿಮಗೂ ಹೇಳ್ತೀನಿ. ಎಫ್ ಹಿಡಿಯೋ ಅದೇ ಆಕಾರವನ್ನ ಐದನೇ ಫ್ರೆಟ್ಟಿಗೆ ತಗೊಂಡು ಹೋಗಿ ಒತ್ತಿ. ಅಲ್ಲಿ ಸ್ವಚ್ಛವಾಗಿ ಬಂದು ಮೊದಲ ಫ್ರೆಟ್ಟಿನಲ್ಲಿ ಮಾತ್ರ ಬರದೇ ಇದ್ದರೆ, ಬೆರಳಿಗೆ ಬೈಯೋ ಮೊದಲು ನಟ್ ತೋರಿಸಿ. ನಾನು ಬದುಕಿಡೀ ಬೇರೆಯವರ ಕೋಡ್ ಡೀಬಗ್ ಮಾಡಿ ಸಂಬಳ ತಗೊಂಡವನು. ಒಂದೊಂದೇ ಭಾಗವನ್ನ ಬದಲಾಯಿಸಿ ತಪ್ಪು ಎಲ್ಲಿದೆ ಅಂತ ಹುಡುಕೋ ಈ ಪಾಠ ನನಗೆ ಹೊಳೆಯದೇ ಹೋದದ್ದು ಹೇಗೆ? ಯಾಕಂದ್ರೆ ತಪ್ಪು ನನ್ನದೇ ಅಂತ ಮೊದಲೇ ನಂಬಿ ಆಗಿತ್ತು.

ನಟ್ಟಿನ ಕಚ್ಚು ಇಳಿಸಿ, ಕೆಳಗಿನ ಸ್ಯಾಡಲ್ ಉಜ್ಜಿ, ಕುತ್ತಿಗೆಯೊಳಗಿನ ಕಂಬಿಯನ್ನ ಆಲನ್ ಕೀಲಿಯಿಂದ ಒಂಚೂರು ತಿರುಗಿಸಿ, 12ರ ತಂತಿ ತೆಗೆದು 10ರ ತೆಳು ತಂತಿ ಹಾಕಿದರು. ಒಂದೂವರೆ ಗಂಟೆ, ಒಂಬೈನೂರು ರೂಪಾಯಿ. ಮನೆಗೆ ಬಂದು ಒತ್ತಿದರೆ ಎಫ್ ಪೂರ್ತಿ ಬರಲಿಲ್ಲ, ಸಿನಿಮಾ ಥರ ಅಲ್ಲ. ಆದರೆ ಆರರಲ್ಲಿ ನಾಲ್ಕು ತಂತಿ ಮಾತಾಡಿದವು. ಎರಡು ತಿಂಗಳಲ್ಲಿ ಆಗದ್ದು.

ಆ ರಾತ್ರಿ ಲೆಕ್ಕಕ್ಕೆ ಕೂತೆ. ಗಿಟಾರಿನ ಫ್ರೆಟ್‌ಗಳು ಸಮದೂರದಲ್ಲಿಲ್ಲ, ತಲೆಯಿಂದ ಹೊಟ್ಟೆ ಕಡೆ ಬಂದ ಹಾಗೆ ಹತ್ತಿರವಾಗ್ತಾ ಬರುತ್ತವೆ. ಹನ್ನೆರಡನೇದು ತಂತಿಯ ಉದ್ದದ ಅರ್ಧಕ್ಕೆ. ತಂತಿಯ ಉದ್ದ 648 ಮಿಲಿಮೀಟರ್ ಇದ್ದರೆ ಮೊದಲ ನಾಲ್ಕು ಮನೆಗಳು 134 ಮಿಲಿಮೀಟರ್ ಹರಡಿರುತ್ತವೆ. 24 ಇಂಚಿನ, ಅಂದರೆ ಸುಮಾರು 610 ಮಿಲಿಮೀಟರಿನ ಗಿಟಾರಿನಲ್ಲಿ ಅದೇ ನಾಲ್ಕು ಮನೆ 126. ಅಟ್ಟದ ಮೇಲಿದ್ದ 'ಮಕ್ಕಳ' ಅಳತೆಯಲ್ಲಿ, 578ಕ್ಕೆ, 119. ಇನ್ನು ದೊಡ್ಡ ಗಿಟಾರಿನಲ್ಲೇ ಮೂರನೇ ಫ್ರೆಟ್ಟಿಗೆ ಕ್ಯಾಪೊ ಅನ್ನೋ ಕ್ಲಿಪ್ ಸಿಕ್ಕಿಸಿದರೆ ಅಲ್ಲಿಂದ ಮುಂದಿನ ನಾಲ್ಕು ಮನೆ ಬರೀ 112. ಸ್ವರ ಮೇಲೇರುತ್ತೆ ನಿಜ, ಆದರೆ ಕಲಿಯೋನಿಗೆ ಅದರಿಂದ ನಷ್ಟ ಏನು? ಕೆಲವು ನೂರು ರೂಪಾಯಿಯ ಕ್ಲಿಪ್ಪು 22 ಮಿಲಿಮೀಟರ್ ಉಳಿಸಿತು. ನನ್ನ ಬೆರಳು ಮೇಷ್ಟ್ರ ಬೆರಳಿಗಿಂತ ಗಿಡ್ಡ ಇರೋದು ಹತ್ತೋ ಹನ್ನೆರಡೋ ಮಿಲಿಮೀಟರ್. ಈ ಹನ್ನೆರಡರ ಮೇಲೆ ಹದಿಮೂರು ವರ್ಷ ಹೋಗಿತ್ತು.

ಕೂರೋ ರೀತಿಯದೂ ಇದೇ ಕಥೆ. ಬಲತೊಡೆಯ ಮೇಲೆ ಗಿಟಾರ್ ಮಲಗಿಸಿ ಕೂತರೆ ಎಡಗೈ ಮಣಿಕಟ್ಟು ಮುರಿದುಕೊಳ್ಳುತ್ತೆ, ಬೆರಳು ಇನ್ನೂ ಗಿಡ್ಡವಾಗುತ್ತೆ. ಕ್ಲಾಸಿಕಲ್ ನುಡಿಸೋರ ಹಾಗೆ ಎಡತೊಡೆಯ ಮೇಲಿಟ್ಟು, ಕಾಲ ಕೆಳಗೆ ಒಂದು ಮಣೆ ಕೊಟ್ಟು, ಕುತ್ತಿಗೆ ಮೇಲೆತ್ತಿ ಹಿಡಿದರೆ ಮಣಿಕಟ್ಟು ನೆಟ್ಟಗಾಗಿ ಅದೇ ಬೆರಳು ಒಂದು ಮನೆ ಮುಂದಕ್ಕೆ ಹೋಗುತ್ತೆ. ನನ್ನದು ಅವ್ವ ಕಳಿಸಿದ್ದ ಈಳಿಗೆ ಮಣೆ, ಈಳಿಗೆ ಬಿಚ್ಚಿ. ಹೆಂಡತಿ ಇನ್ನೂ ಮಾತಾಡ್ತಾಳೆ ಅದರ ಬಗ್ಗೆ.

ಈಗ ಎರಡನೇ ಪಾರ್ಟಿಗೆ ಬರೋಣ, ಛಲದವರ ಪಾರ್ಟಿ. ನಾನು ಗಿಟಾರ್ ಕಲೀತಿದ್ದೀನಿ ಅಂತ ಟೀಮಿಗೆ ಗೊತ್ತಾದ ದಿನವೇ ವಾಟ್ಸಾಪಿಗೆ ಎರಡು ಹೆಸರು ಬಂದವು. ಜಾಂಗೊ ರೈನ್‌ಹಾರ್ಟ್, ಟೋನಿ ಅಯೋಮಿ. 1928ರಲ್ಲಿ, ಹದಿನೆಂಟರ ವಯಸ್ಸಿಗೆ, ಜಾಂಗೊ ವಾಸವಿದ್ದ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಉಂಗುರಬೆರಳು, ಕಿರುಬೆರಳು ಸೆಟೆದುಕೊಂಡವು. ಎರಡೇ ಬೆರಳಲ್ಲಿ ಅವನು ಜಾಝ್ ಗಿಟಾರಿನ ದಿಕ್ಕನ್ನೇ ಬದಲಾಯಿಸಿದ. ಬರ್ಮಿಂಗ್‌ಹ್ಯಾಮಿನ ತಗಡಿನ ಫ್ಯಾಕ್ಟರಿಯಲ್ಲಿ ಹದಿನೇಳರ ಅಯೋಮಿಯ ಎರಡು ಬೆರಳ ತುದಿಯನ್ನ ಯಂತ್ರ ಕತ್ತರಿಸಿತು. ಅವನು ಬ್ಲ್ಯಾಕ್ ಸಬತ್ ಕಟ್ಟಿದ. 'ಅವರಿಗೆ ಬೆರಳೇ ಇರಲಿಲ್ಲ, ನಿಂಗೇನು ನೆಪ?' ಅಂತ ಕೆಳಗೊಂದು ಸಾಲು, ಒಂದು ತೋಳಿನ ಇಮೋಜಿ.

ಕಥೆ ನಿಜ. ಹೇಳೋ ರೀತಿ ಸುಳ್ಳು. ಅಯೋಮಿ ಹಲ್ಲು ಕಚ್ಚಿ ಅದೇ ಗಿಟಾರನ್ನ ಒತ್ತಲಿಲ್ಲ ಸ್ವಾಮಿ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ. ತೆಳು ತಂತಿ ಸಿಗದ ಕಾಲದಲ್ಲಿ ಬ್ಯಾಂಜೊ ತಂತಿ ತಂದು ಗಿಟಾರಿಗೆ ಕಟ್ಟಿದ. ಮುಂದೆ ತಂತಿಯ ಬಿಗಿ ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ; ಹೆವಿ ಮೆಟಲ್ಲಿನ ಆ ಭಾರದ ನಾದದಲ್ಲಿ ಈ ಸಡಿಲ ತಂತಿಯ ಪಾಲು ದೊಡ್ಡದು. ಜಾಂಗೊ ಎಲ್ಲರ ಹಾಗೆ ಕಾರ್ಡ್ ಹಿಡಿಯೋದು ಬಿಟ್ಟು ತನ್ನ ಕೈಗೆ ಕೂರೋ ಕಾರ್ಡ್‌ಗಳನ್ನ ಹೊಸದಾಗಿ ಜೋಡಿಸಿಕೊಂಡ. ಪಿಯಾನೋ ಲೋಕದ ದೊಡ್ಡ ಹೆಸರು ಯೋಸೆಫ್ ಹಾಫ್‌ಮನ್‌ಗೆ ಚಿಕ್ಕ ಕೈ. ಅವನಿಗಾಗಿ ಸ್ಟೈನ್‌ವೇ ಕಂಪನಿ ಕೀಲಿಗಳ ಅಗಲವನ್ನೇ ಕಡಿಮೆ ಮಾಡಿ ಪಿಯಾನೋ ಕಟ್ಟಿಕೊಟ್ಟಿತು. ಇವರಿಗೆಲ್ಲ ಛಲ ಇತ್ತು, ಇಲ್ಲ ಅಂದವರಾರು. ಆದರೆ ಅವರು ಆ ಛಲವನ್ನ ಖರ್ಚು ಮಾಡಿದ್ದು ವಾದ್ಯವನ್ನ, ತಂತಿಯನ್ನ, ಪದ್ಧತಿಯನ್ನ ಕೈಗೆ ಬಗ್ಗಿಸೋಕೆ. ಫಾರ್ವರ್ಡ್ ಮಾಡೋರು ಅಷ್ಟನ್ನ ಕತ್ತರಿಸಿ, ಉಳಿದ ಕಣ್ಣೀರನ್ನ ಮಾತ್ರ ಹಂಚ್ತಾರೆ.

ಅದಕ್ಕೇ ಎರಡೂ ಪಾರ್ಟಿ ಒಂದೇ ಅಂದದ್ದು. 'ಆಗಲ್ಲ' ಅನ್ನೋನೂ 'ಮನಸ್ಸು ಮಾಡು' ಅನ್ನೋನೂ ಗಿಟಾರನ್ನ ಪ್ರಶ್ನೆ ಮಾಡೋದೇ ಇಲ್ಲ. ಇಬ್ಬರ ಲೆಕ್ಕದಲ್ಲೂ ಬದಲಾಗಬೇಕಾದ್ದು, ಇಲ್ಲಾ ಎದ್ದು ಹೋಗಬೇಕಾದ್ದು, ಕೂತಿರೋ ಮನುಷ್ಯ.

ಊರಲ್ಲಿ ಬೆಳೆದವರಿಗೆ ಈ ದನಿ ಹೊಸದಲ್ಲ. ನಮ್ಮೂರಲ್ಲಿ ತಮಟೆ ಒಂದು ಕೇರಿಯದು, ಓಲಗ ಇನ್ನೊಂದು ಮನೆಯದು, ಭಜನೆ ಮನೆಯ ಹಾರ್ಮೋನಿಯಂ ಮಗದೊಂದು ಬೀದಿಯದು. ಬೇಡ ಅಂತ ಯಾರೂ ಯಾರಿಗೂ ಬಾಯಿಬಿಟ್ಟು ಹೇಳ್ತಿರಲಿಲ್ಲ, ಹೇಳೋ ಅಗತ್ಯವೇ ಇರಲಿಲ್ಲ. 'ಅದು ಅವರ ಕೈಗೆ ಒಲಿದದ್ದು' ಅಂದರೆ ಸಾಕು. ನಾನು ಹಾರ್ಮೋನಿಯಂ ಮುಟ್ಟಲಿಲ್ಲ, ತಮಟೆಯನ್ನೂ ಮುಟ್ಟಲಿಲ್ಲ. ತಮಟೆ ಮುಟ್ಟದ್ದಕ್ಕೆ ಕಾರಣ ಬೆರಳಲ್ಲ ಅಂತ ಈಗ ಗೊತ್ತಾಗುತ್ತೆ, ಆ ಕಾರಣ ನನಗೆ ಹೆಮ್ಮೆಯದಲ್ಲ. ನಗರಕ್ಕೆ ಬಂದಮೇಲೆ ಕೇರಿ ಹೋಗಿ 'ಆರ್ಟಿಸ್ಟಿಕ್ ಫಿಂಗರ್ಸ್' ಬಂತು. ಉದ್ದ, ಸಪೂರ, ಬಿಳಿ ಬೆರಳು. ಕೆಲಸ ಮಾಡಿ ಸವೆಯದ ಬೆರಳು ಅಂತ ಬಿಡಿಸಿ ಹೇಳಬೇಕಾಗಿಲ್ಲ ತಾನೆ?

ಇದನ್ನ ಬೇರೆಯವರ ಮೇಲೆ ಹಾಕಿ ಕೈ ತೊಳ್ಕೊಳೋಕೆ ಆಗಲ್ಲ. ನಾಲ್ಕು ವರ್ಷದ ಹಿಂದೆ ನಾನು ಇಂಟರ್‌ವ್ಯೂ ಮಾಡಿದ ಒಬ್ಬ ಹುಡುಗ, ಹಳ್ಳಿ ಕಡೆಯ ಕಾಲೇಜಿನವನು, ಬೋರ್ಡಿನ ಮೇಲೆ ಪ್ರೋಗ್ರಾಂ ಸರಿಯಾಗಿ ಬರೆದ. ವಿವರಿಸು ಅಂದಾಗ ಇಂಗ್ಲಿಷಿನಲ್ಲಿ ತಡವರಿಸಿದ. ನಾನು 'ಕಮ್ಯುನಿಕೇಶನ್ ವೀಕ್' ಅಂತ ಬರೆದು ಕಳಿಸಿದೆ. ಕನ್ನಡದಲ್ಲಿ ಹೇಳಪ್ಪ ಅಂತ ಒಂದು ಮಾತು ಕೇಳಬಹುದಿತ್ತು, ನನಗೇನು ಕನ್ನಡ ಬರಲ್ವಾ? ಏಲಕ್ಕಿ ಬಾಳೆ ಅಂದವನು ಇಪ್ಪತ್ತೆರಡರ ಹುಡುಗ. ನಾನು ಆಗ ಮೂವತ್ತು ದಾಟಿದ ಲೀಡು.

ವಯಸ್ಸಿನ ವಿಚಾರ ಬೇಗ ಮುಗಿಸ್ತೀನಿ. ಮಕ್ಕಳು ಬೇಗ ಕಲೀತಾರೆ ಅಂತಾರೆ. ನಮ್ಮ ಕ್ಲಾಸಿನ ಮಕ್ಕಳೂ ಬೆರಳು ನೋವು ಅಂತ ಅಳ್ತವೆ. ಅಪ್ಪ ಅಮ್ಮ ಗ್ರೇಡ್ ಪರೀಕ್ಷೆ ಅಂತ ಮತ್ತೆ ಕೂರಿಸ್ತಾರೆ, ಅದಕ್ಕೇ ಮುಂದೆ ಹೋಗ್ತವೆ. ನನ್ನನ್ನ ಕೂರಿಸೋರಿಲ್ಲ. ರಾತ್ರಿ ಒಂಬತ್ತೂವರೆಗೆ ಅಮೆರಿಕದ ಕಾಲ್ ಇರುತ್ತೆ. ಸಿಗೋದು ದಿನಕ್ಕೆ ಇಪ್ಪತ್ತು ನಿಮಿಷ. ವಯಸ್ಸಿನ ತೊಂದರೆ ಅಂದರೆ ಬಹುಪಾಲು ಈ ಇಪ್ಪತ್ತು ನಿಮಿಷದ ತೊಂದರೆ, ಜೊತೆಗೆ ಹತ್ತು ವರ್ಷದ ಹುಡುಗಿಯ ಮುಂದೆ ತಪ್ಪು ನುಡಿಸೋ ನಾಚಿಕೆ.

ಗಿಡ್ಡ ಬೆರಳಿನಿಂದ ಯಾವ ತೊಂದರೆಯೂ ಇಲ್ಲ ಅಂತ ನಾನು ಹೇಳಿದರೆ ನಾನೂ ಛಲದ ಪಾರ್ಟಿ ಸೇರಿದ ಹಾಗೆ. ತೊಂದರೆ ಇದೆ. ಐದು ಮನೆ ಚಾಚಬೇಕಾದ ಕೆಲವು ತುಣುಕುಗಳನ್ನ ನಾನು ಬರೆದ ಹಾಗೇ ಯಾವತ್ತೂ ನುಡಿಸಲಾರೆ. ಬೇರೆ ತಂತಿಯಲ್ಲಿ ಹುಡುಕಿಕೊಳ್ಳಬೇಕು, ಇಲ್ಲಾ ಕೈ ಜಾರಿಸಬೇಕು. ಬೆರಳು ಗಿಡ್ಡದ ಜೊತೆ ದಪ್ಪವೂ ಆಗಿದ್ದರೆ ಇಕ್ಕಟ್ಟು ಇನ್ನೊಂದು. ಉಕ್ಕಿನ ತಂತಿಯ ಗಿಟಾರಿನ ಕುತ್ತಿಗೆ ತಲೆಯ ಹತ್ತಿರ ಸುಮಾರು 43 ಮಿಲಿಮೀಟರ್ ಅಗಲ, ಪಕ್ಕದ ತಂತಿಗೆ ಬೆರಳು ತಾಗುತ್ತೆ. ನೈಲಾನ್ ತಂತಿಯದು 52, ತಾಗಲ್ಲ, ಒತ್ತೋಕೂ ಮೆತ್ತಗೆ, ಆದರೆ ಅಗಲಕ್ಕೆ ಕೈ ಸಾಲಲ್ಲ. ಎಲ್ಲಾ ಕೈಗೂ ಒಂದೇ ಉತ್ತರ ಇಲ್ಲ. ಅದಕ್ಕೇ ಅಂಗಡಿಯವನು ನಾಲ್ಕು ಅಳತೆ ಇಳಿಸಿ ಕೊಡಬೇಕು, ಮೇಷ್ಟ್ರು ಬೆರಳಿಗಿಂತ ಮೊದಲು ಸ್ಕೇಲು ಹಿಡಿಯಬೇಕು. ಫೀಸು ತಗೊಳೋದು ಅದಕ್ಕೇ ಅಲ್ವೇನ್ರೀ? ಒಂದೂವರೆ ಗಂಟೆಯ ಕೆಲಸ ಮಾಡಿಸದೆ, ಶಿಷ್ಯ ಬಿಟ್ಟು ಹೋದಾಗ 'ಡೆಡಿಕೇಶನ್ ಇಲ್ಲ' ಅಂತ ಬರೆದುಕೊಳ್ಳೋ ಕ್ಲಾಸುಗಳು ಈ ಊರಲ್ಲಿ ಬೇಕಾದಷ್ಟಿವೆ. ಹಾಗೆ ಬಿಟ್ಟವರ ಗಿಟಾರ್‌ಗಳು ನಿಮ್ಮ ಪಿಜಿಯ ಬೀರು ಮೇಲೆ, ನಿಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಧೂಳು ತಿನ್ನುತ್ತಾ ಕೂತಿವೆ. ಒಂದನ್ನ ಇಳಿಸಿ, ಹನ್ನೆರಡನೇ ಫ್ರೆಟ್ಟಿನ ಮೇಲೆ ಸ್ಕೂಲ್ ಸ್ಕೇಲನ್ನಾದರೂ ನಿಲ್ಲಿಸಿ ನೋಡಿ.

ನಾನು ಆ ಮೇಷ್ಟ್ರನ್ನ ಬಿಟ್ಟೆ. ಈಗಿನವರು ವಯಸ್ಸಿನಲ್ಲಿ ನನಗಿಂತ ಒಂಬತ್ತು ವರ್ಷ ಚಿಕ್ಕವರು, ಮೊದಲ ದಿನವೇ ಗಿಟಾರ್ ಕಿತ್ತುಕೊಂಡು ನೋಡಿದರು. ಎಫ್ ಈಗಲೂ ಐದು ತಂತಿ ಬರುತ್ತೆ, ಆರನೇದು ದಿನ ನೋಡಿಕೊಂಡು. ಅವಸರ ಇದ್ದಾಗ ನಾಲ್ಕು ತಂತಿಯ ಚಿಕ್ಕ ಎಫ್ ಹಿಡೀತೀನಿ, ಕೇಳೋರಿಗೆ ಗೊತ್ತಾಗಲ್ಲ. ಹಾಸ್ಟೆಲ್ ಕಾರಿಡಾರಿನ ಆ ತುಣುಕನ್ನ ಕ್ಯಾಪೊ ಹಾಕಿ, ಅರ್ಧ ವೇಗದಲ್ಲಿ, ತಪ್ಪಿಲ್ಲದೆ ಎರಡು ಸಲ ನುಡಿಸಿದ್ದೀನಿ.

ಹೋದ ಭಾನುವಾರ ಅಪ್ಪ ಫೋನ್ ಮಾಡಿದ್ದರು. ಮಳೆ, ಕಾಯಿ ರೇಟು, ಕಣ್ಣಿನ ಡ್ರಾಪ್ಸು ಎಲ್ಲ ಆದಮೇಲೆ ಕೇಳಿದರು, 'ಆ ಕಾವು ಕೂತ್ಕಂತೇನೋ ಕೈಗೆ?'

'ಕೂತ್ಕಂತಪ್ಪ.'

'ಸರಿ ಹಂಗಾದ್ರೆ. ಗೊಬ್ಬರಕ್ಕೆ ಒಂದೈದು ಸಾವಿರ ಹಾಕು, ಸೊಸೈಟಿನಾಗೆ ಬಂದೈತಂತೆ.'